ಹದಿನೈದು ನಿಮಿಷಕ್ಕೆ ಎಷ್ಟು ಸ್ಲೈಡ್ ಮಾಡಲಿ?

ಸಮ್ಮೇಳನಕ್ಕೆ ಪ್ರಬಂಧ ಆಯ್ಕೆಯಾಯಿತು ಎಂದು ಹೇಳಲು ಬರುವ ಸಂಶೋಧನಾ ವಿದ್ಯಾರ್ಥಿಗಳು ಆ ಖುಷಿಯ ಬೆನ್ನಿಗೇ ಕೇಳುವ ಪ್ರಶ್ನೆ ಇದು: "ಸರ್, ಹದಿನೈದು ನಿಮಿಷ ಕೊಟ್ಟಿದ್ದಾರೆ. ಪಿಪಿಟಿಯಲ್ಲಿ ಎಷ್ಟು ಸ್ಲೈಡ್ ಇರಬೇಕು?" ನಾನು ಸಂಖ್ಯೆ ಹೇಳುವುದಿಲ್ಲ. ಹತ್ತೇ ಸ್ಲೈಡಿನಲ್ಲಿ ಸಭೆಯನ್ನು ದಣಿಸುವವರಿದ್ದಾರೆ. ಮೂವತ್ತು ತೋರಿಸಿಯೂ ಕೊನೆಯ ಸಾಲಿನವರನ್ನು ಹಿಡಿದು ಕೂರಿಸುವವರಿದ್ದಾರೆ. ಹಾಗಾಗಿ ನಾನೇ ತಿರುಗಿ ಕೇಳುತ್ತೇನೆ: ಪ್ರತಿ ಸ್ಲೈಡಿನ ತಲೆಬರಹದಲ್ಲಿ ಏನು ಬರೆದಿದ್ದೀರಿ?

ಹೆಚ್ಚಿನವರ ಉತ್ತರ ಒಂದೇ. ಪೀಠಿಕೆ, ಉದ್ದೇಶ, ವಿಧಾನ, ಫಲಿತಾಂಶ, ಉಪಸಂಹಾರ. ಮಹಾಪ್ರಬಂಧದ ಅಧ್ಯಾಯಗಳ ಹೆಸರುಗಳೇ ಪರದೆಗೆ ಬಂದಿರುತ್ತವೆ. ಕೋಲಾರದ ಕಡೆಯ ಟೊಮೆಟೊ ಹೊಲಗಳಲ್ಲಿ ಹನಿ ನೀರಾವರಿಯ ಬಗ್ಗೆ ಒಬ್ಬರು ಕೆಲಸ ಮಾಡಿದ್ದಾರೆ ಎಂದಿಟ್ಟುಕೊಳ್ಳಿ. 'ಫಲಿತಾಂಶ' ಎಂಬ ಪದ, ಅದರ ಕೆಳಗೆ ಎಂಟು ಕಾಲಂಗಳ ಕೋಷ್ಟಕ. ನೋಡುವವರು ಯಾವ ಅಂಕಿಯ ಮೇಲೆ ಕಣ್ಣಿಡಬೇಕು? ಅವರು ಹುಡುಕುತ್ತಾ ಇರುವಾಗ ಮಾತನಾಡುವವರು ಮುಂದಕ್ಕೆ ಹೋಗಿರುತ್ತಾರೆ. ಓದುವುದು, ಕೇಳುವುದು ಎರಡನ್ನೂ ಒಟ್ಟಿಗೆ ಮಾಡುವುದು ಯಾರಿಗೂ ಸುಲಭವಲ್ಲ.

ಅದೇ ಜಾಗದಲ್ಲಿ 'ಹನಿ ನೀರಾವರಿಯಿಂದ ನೀರು ಉಳಿಯಿತು, ಇಳುವರಿ ಕುಗ್ಗಲಿಲ್ಲ' ಎಂದು ಬರೆಯಿರಿ. ಕೆಳಗೆ ಒಂದು ಬಾರ್ ಚಾರ್ಟಿನಲ್ಲಿ ನೀರಿನ ಬಳಕೆ, ಪಕ್ಕದ ಇನ್ನೊಂದರಲ್ಲಿ ಇಳುವರಿ. ಕೋಷ್ಟಕದ ಉಳಿದ ಆರು ಕಾಲಂ ಇಲ್ಲಿ ಬೇಡ. ವಾಕ್ಯ ಏನನ್ನು ನೋಡಬೇಕೆಂದು ಹೇಳುತ್ತದೆ, ಚಿತ್ರ ಅದು ನಿಜವೇ ಎಂದು ತಾಳೆ ನೋಡಲು ಬಿಡುತ್ತದೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಮೈಕಲ್ ಆಲಿ ಬಹಳ ಕಾಲದಿಂದ ಪ್ರತಿಪಾದಿಸುತ್ತ ಬಂದಿರುವ ಪದ್ಧತಿಯೂ ಇದೇ: ತಲೆಬರಹದಲ್ಲಿ ಪೂರ್ಣ ವಾಕ್ಯ, ಕೆಳಗೆ ಅದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ.

ಈ ವಾಕ್ಯ ಬರೆಯುವುದು ಕಷ್ಟ. ಕಷ್ಟವಾದ್ದರಿಂದಲೇ ನಾನು ಅದನ್ನು ಬಿಡುವುದಿಲ್ಲ. ಬರೆಯಲು ಕುಳಿತಾಗ ಕೆಲವು ಸ್ಲೈಡುಗಳಲ್ಲಿ ಹೇಳುವುದಕ್ಕೆ ಏನೂ ಇಲ್ಲವೆಂದು ತಾನಾಗಿಯೇ ಗೊತ್ತಾಗುತ್ತದೆ. ಅವುಗಳನ್ನು ತೆಗೆದುಹಾಕಿ. ಇನ್ನು ಕೆಲವಲ್ಲಿ ಎರಡು ವಾಕ್ಯ ಹುಟ್ಟುತ್ತವೆ, ಅವು ಎರಡು ಸ್ಲೈಡಾಗಲಿ. ಕೊನೆಗೆ ಎಷ್ಟು ಉಳಿಯುತ್ತವೆಯೋ ಅದೇ ನೀವು ಕೇಳಿದ ಸಂಖ್ಯೆ.

ತಲೆಬರಹಕ್ಕೆ ಇಷ್ಟೊಂದು ಮಹತ್ವ ಏಕೆ ಎನ್ನುವವರಿಗೆ ನಾನು ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಸ್ಲೈಡನ್ನು ತೋರಿಸುತ್ತೇನೆ. 2003ರ ಜನವರಿ 16ರಂದು ಉಡಾವಣೆಯಾದಾಗ ಇಂಧನ ಟ್ಯಾಂಕಿನ ನೊರೆ ಹೊದಿಕೆಯ ತುಂಡೊಂದು ಕಳಚಿ ನೌಕೆಯ ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿರುವಾಗಲೇ ಹಾನಿ ಎಷ್ಟಿರಬಹುದೆಂದು ಎಂಜಿನಿಯರುಗಳು ನಾಸಾಗೆ ಸ್ಲೈಡುಗಳಲ್ಲಿ ವಿವರಿಸಿದರು. ಅವುಗಳಲ್ಲಿ ಒಂದರ ತಲೆಬರಹ, ಹಿಂದಿನ ಪರೀಕ್ಷೆಗಳ ದತ್ತಾಂಶ ನೋಡಿದರೆ ಆತಂಕಕ್ಕೆ ಕಾರಣವಿಲ್ಲ ಎಂಬ ಭಾವನೆ ಹುಟ್ಟಿಸುವಂಥದ್ದು. ನಿಜವಾಗಿ ತಿಳಿಯಬೇಕಾದ ಸಂಗತಿ ತೀರಾ ಕೆಳಗೆ, ಉಪಬಿಂದುವಿನ ಒಳಗಿನ ಉಪಬಿಂದುವಾಗಿ ಕುಳಿತಿತ್ತು: ನೊರೆ ತುಂಡಿನ ಗಾತ್ರ ಅಂದಾಜು 1920 ಘನ ಅಂಗುಲ, ಪರೀಕ್ಷೆಯಲ್ಲಿ ಬಳಸಿದ್ದು 3 ಘನ ಅಂಗುಲ. ಅಂದರೆ 640 ಪಟ್ಟು ವ್ಯತ್ಯಾಸ. ಆ ಪರೀಕ್ಷೆಗಳ ಆಧಾರದಲ್ಲಿ ಏನನ್ನೂ ಖಚಿತವಾಗಿ ಹೇಳುವಂತಿರಲಿಲ್ಲ ಎಂಬುದೇ ತಲೆಬರಹವಾಗಬೇಕಿತ್ತು.

ಫೆಬ್ರವರಿ 1ರಂದು ಮರಳುವಾಗ ನೌಕೆ ಛಿದ್ರವಾಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಹೋದರು. ಆ ದುರಂತಕ್ಕೆ ಕಾರಣಗಳು ಹಲವು, ಒಂದು ಸ್ಲೈಡಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಅದೇ ವರ್ಷ ಆಗಸ್ಟಿನಲ್ಲಿ ಬಂದ ತನಿಖಾ ಮಂಡಳಿಯ ವರದಿ, ದತ್ತಾಂಶವನ್ನು ಕಣ್ಣಿಗೆ ಕಾಣುವಂತೆ ತೋರಿಸುವ ವಿಧಾನಗಳ ತಜ್ಞ ಎಡ್ವರ್ಡ್ ಟಫ್ಟಿಯವರ ವಿಶ್ಲೇಷಣೆಯೊಂದಿಗೆ ಆ ಸ್ಲೈಡನ್ನೇ ಮುದ್ರಿಸಿತು. ನಮ್ಮ ಟೊಮೆಟೊ ಪ್ರಬಂಧದಲ್ಲಿ ಯಾರ ಪ್ರಾಣವೂ ಇಲ್ಲ, ನಿಜ. ಆದರೆ ಮುಖ್ಯವಾದದ್ದನ್ನು ಮೇಲೆ, ದೊಡ್ಡದಾಗಿ, ಇದ್ದದ್ದು ಇದ್ದ ಹಾಗೆ ಬರೆಯುವ ಅಭ್ಯಾಸ ಎಲ್ಲ ಕಡೆಗೂ ಒಂದೇ.

ಉಳಿದವು ಸಣ್ಣ ವಿಷಯಗಳು. ಅಕ್ಷರ 24 ಪಾಯಿಂಟಿಗಿಂತ ಚಿಕ್ಕದು ಬೇಡ. ನಮ್ಮ ಬಹುತೇಕ ಸೆಮಿನಾರ್ ಹಾಲುಗಳ ನೆಲ ಸಮತಟ್ಟು, ಮುಂದಿನವರ ತಲೆಗಳು ಪರದೆಯ ಕೆಳಭಾಗವನ್ನು ಮರೆಮಾಡುತ್ತವೆ. ಹಾಗಾಗಿ ಅಲ್ಲಿ ಏನನ್ನೂ ಇಡಬೇಡಿ. ಕೆಂಪು ಗೆರೆ, ಹಸಿರು ಗೆರೆ ಎಂದು ಬೇರ್ಪಡಿಸಿದರೆ ಆ ಎರಡು ಬಣ್ಣಗಳ ವ್ಯತ್ಯಾಸ ಕಾಣದವರು ಸಭೆಯಲ್ಲಿರಬಹುದು. ನೀಲಿ, ಕಿತ್ತಳೆ ಬಳಸಿ, ಗೆರೆಯ ಪಕ್ಕದಲ್ಲೇ ಅದರ ಹೆಸರು ಬರೆಯಿರಿ.

ಕನ್ನಡದಲ್ಲಿ ಮಂಡಿಸುವವರಿಗೆ ಇನ್ನೂ ಒಂದು ಎಚ್ಚರಿಕೆ ಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡಿನಲ್ಲೇ ಬರೆದು, ಪಿಡಿಎಫ್ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಸಾಲುಗಳ ನಡುವಿನ ಅಂತರವನ್ನೂ ಸ್ವಲ್ಪ ಹೆಚ್ಚಿಸಿ. ಇಲ್ಲದಿದ್ದರೆ 'ರಾಷ್ಟ್ರ', 'ಸ್ತ್ರೀ' ಎಂಬಂಥ ಪದಗಳ ಒತ್ತುಗಳು ಕೆಳಗಿನ ಸಾಲಿನ ಗುಡಿಸು, ದೀರ್ಘಗಳಿಗೆ ತಾಗಿ ದೂರದಿಂದ ಓದಲಾಗುವುದಿಲ್ಲ.

"ನಮ್ಮ ಗೈಡ್ ಎಲ್ಲ ಕೋಷ್ಟಕವೂ ಇರಲೇಬೇಕು ಎನ್ನುತ್ತಾರೆ, ಏನು ಮಾಡಲಿ?" ಎಂಬುದು ಇದರ ಬಾಲದಂತೆ ಬರುವ ಪ್ರಶ್ನೆ. ಅವರ ಕಾಳಜಿ ಸರಿಯಾದದ್ದೇ, ಯಾರಾದರೂ ಕೇಳಿದರೆ ಆಧಾರ ಕೈಯಲ್ಲಿರಬೇಕು. ಎಲ್ಲ ಕೋಷ್ಟಕಗಳನ್ನೂ ಕೊನೆಯ ಸ್ಲೈಡಿನ ನಂತರ ಸೇರಿಸಿಡಿ. ಆ ಕೊನೆಯ ಸ್ಲೈಡಿನಲ್ಲಿ ಬರೀ 'ಧನ್ಯವಾದಗಳು' ಎಂದು ಬರೆಯಬೇಡಿ, ಅದನ್ನು ಬಾಯಲ್ಲಿ ಹೇಳಿದರೆ ಸಾಕು. ಪ್ರಶ್ನೋತ್ತರ ಮುಗಿಯುವವರೆಗೂ ಪರದೆಯ ಮೇಲೆ ನಿಲ್ಲುವ ಸ್ಲೈಡ್ ಅದು, ನಿಮ್ಮ ಮುಖ್ಯ ಫಲಿತಾಂಶ ಅಲ್ಲಿರಲಿ. ಯಾರಾದರೂ ಅಂಕಿ ಕೇಳಿದರೆ ಒಂದೊಂದೇ ಸ್ಲೈಡ್ ಸರಿಸುತ್ತಾ ಹುಡುಕಬೇಕಿಲ್ಲ. ಪವರ್‌ಪಾಯಿಂಟಿನಲ್ಲಿ ಆ ಸ್ಲೈಡಿನ ಸಂಖ್ಯೆಯನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ ನೇರವಾಗಿ ಅಲ್ಲಿಗೇ ಹೋಗುತ್ತದೆ. ಕೋಷ್ಟಕಗಳ ಸ್ಲೈಡ್ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಕೈಯಲ್ಲಿಟ್ಟುಕೊಳ್ಳಿ.