ನಲವತ್ತು ಪೇಪರು, ಒಂದೇ ದೋಣಿ

ನನ್ನ ಮೊದಲ ಅಸೈನ್‌ಮೆಂಟ್ ವಾಪಸ್ ಬಂದಾಗ ಅದರ ಮೇಲೆ ಅಂಕವೇ ಇರಲಿಲ್ಲ. ಪೆನ್ಸಿಲ್‌ನಲ್ಲಿ ಪ್ರೊಫೆಸರ್ ಬರೆದ ಒಂದೇ ಒಂದು ಸಾಲು ಇತ್ತು: "ಇದನ್ನು ಚಿತ್ರ ನೋಡದೆಯೂ ಬರೆಯಬಹುದಿತ್ತು."

ಮೈಯೆಲ್ಲಾ ಉರಿದುಹೋಯಿತು. ಎರಡು ರಾತ್ರಿ ನಿದ್ದೆಗೆಟ್ಟು ನಾಲ್ಕು ಪುಟ ಬರೆದಿದ್ದೆ. ಸ್ವಾತಂತ್ರ್ಯ, ತ್ಯಾಗ, ನಾಯಕತ್ವ, ಎಲ್ಲಾ ದೊಡ್ಡ ದೊಡ್ಡ ಪದಗಳೂ ಇದ್ದವು. ಇನ್ನೇನು ಬೇಕಿತ್ತು ಇವರಿಗೆ?

ಅದು ಅಮೆರಿಕದ ಸಾಹಿತ್ಯ, ಇತಿಹಾಸ, ಚಿತ್ರಕಲೆ ಮೂರನ್ನೂ ಒಟ್ಟಿಗೆ ಓದಿಸುವ ಕೋರ್ಸ್. ಅಮೆರಿಕನ್ ಸ್ಟಡೀಸ್ ಅಂತಾರೆ. ಪರೀಕ್ಷೆ ಇರಲಿಲ್ಲ, ಆಗಾಗ ಎರಡು ಪುಟದ ಬರಹ ಕೊಡಬೇಕಿತ್ತು ಅಷ್ಟೇ. ಮೊದಲ ವರ್ಷ ನಾನು ಅಲ್ಲಿ ವಿದ್ಯಾರ್ಥಿ. ಮರುವರ್ಷ ಅದೇ ಕೋರ್ಸಿಗೆ ಟಿಎ, ಅಂದರೆ ಟೀಚಿಂಗ್ ಅಸಿಸ್ಟೆಂಟ್ ಆಗಿ, ನಲವತ್ತು ಜನರ ಪೇಪರ್ ತಿದ್ದುವ ಕೆಲಸ ತಲೆಗೆ ಬಿತ್ತು. ನಿಜ ಹೇಳಬೇಕೆಂದರೆ, ಆ ದೇಶದ ಬಗ್ಗೆ ನಾನು ಕಲಿತದ್ದರಲ್ಲಿ ಜಾಸ್ತಿ ಪಾಲು ಬಂದದ್ದು ಕ್ಲಾಸಿನಿಂದಲ್ಲ, ಆ ಪೇಪರುಗಳಿಂದ.

ಚಿತ್ರದ ವಿಷಯಕ್ಕೆ ಬರುತ್ತೇನೆ. ಎಮಾನ್ಯುಯೆಲ್ ಲಾಯ್ಟ್ಸೆ 1851ರಲ್ಲಿ ಮುಗಿಸಿದ, ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧದಲ್ಲಿ ಸೇನಾಪತಿ ಜಾರ್ಜ್ ವಾಷಿಂಗ್ಟನ್ ಸೈನಿಕರ ಜೊತೆ ಡೆಲವೇರ್ ನದಿ ದಾಟುವ ಚಿತ್ರ. ನೀವೂ ಎಲ್ಲಾದರೂ ನೋಡಿರುತ್ತೀರಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಹನ್ನೆರಡು ಅಡಿಗೂ ಎತ್ತರ, ಇಪ್ಪತ್ತೊಂದು ಅಡಿಗೂ ಅಗಲ. ಎದುರಿಗೆ ನಿಂತರೆ ಅದರಲ್ಲಿರುವ ಜನ ಹೆಚ್ಚುಕಮ್ಮಿ ನಮ್ಮಷ್ಟೇ ದೊಡ್ಡವರು. ನನಗೆ ಎರಡನೇ ಅವಕಾಶ ಕೊಟ್ಟರು, ಆದರೆ ಷರತ್ತು ಹಾಕಿ. ಪುಸ್ತಕ ಮುಟ್ಟುವ ಹಾಗಿಲ್ಲ, ಇಂಟರ್‌ನೆಟ್ ತೆರೆಯುವ ಹಾಗಿಲ್ಲ, ಸ್ವಾತಂತ್ರ್ಯ ಅನ್ನುವ ಪದ ಬರಲೇಬಾರದು. ಅರ್ಧ ಗಂಟೆ ಚಿತ್ರದ ಮುಂದೆ ನಿಂತು ಏನು ಕಾಣುತ್ತದೋ ಅದನ್ನು ಮಾತ್ರ ಬರೆಯಬೇಕು.

ಮೊದಲ ಹತ್ತು ನಿಮಿಷ ಸುಮ್ನೆ ನಿಂತಿದ್ದೆ. ಕಾಲು ನೋಯುತ್ತಿತ್ತು. ಆಮೇಲೆ ಒಂದೊಂದಾಗಿ ಕಾಣತೊಡಗಿತು. ದೋಣಿಯಲ್ಲಿ ಇರುವವರ ಬಟ್ಟೆ ಒಬ್ಬರದ್ದಿದ್ದ ಹಾಗೆ ಇನ್ನೊಬ್ಬರದ್ದಿಲ್ಲ. ವಾಷಿಂಗ್ಟನ್ ಹತ್ತಿರವೇ ಒಬ್ಬ ಕಪ್ಪು ಮನುಷ್ಯ ಹುಟ್ಟು ಹಾಕುತ್ತಿದ್ದಾನೆ. ನಾಲ್ಕು ಪುಟ ಬರೆದಿದ್ದೆನಲ್ಲ, ಅದರಲ್ಲಿ ಆ ಮನುಷ್ಯನೇ ಇರಲಿಲ್ಲ! ನಾನು ಅವನನ್ನು ಬಿಟ್ಟದ್ದಲ್ಲ, ನೋಡಿಯೇ ಇರಲಿಲ್ಲ.

ನೋಡಿ ಬರೆದ ಮೇಲೆ ಓದಲು ಬಿಟ್ಟರು. ಆಗ ಗೊತ್ತಾಯಿತು, ಚಿತ್ರದಲ್ಲಿರುವ ನಕ್ಷತ್ರ-ಪಟ್ಟಿಯ ಬಾವುಟ ಆ ರಾತ್ರಿ ಅಲ್ಲಿ ಇರುವುದಕ್ಕೇ ಸಾಧ್ಯವಿಲ್ಲ. ನದಿ ದಾಟಿದ್ದು 1776ರ ಡಿಸೆಂಬರ್ 25ರ ರಾತ್ರಿ, ಆ ಬಾವುಟವನ್ನು ಒಪ್ಪಿಕೊಂಡದ್ದು 1777ರ ಜೂನ್‌ನಲ್ಲಿ. ಅದೂ ಅಲ್ಲದೆ ಇಷ್ಟು ಅಮೆರಿಕನ್ ಅನ್ನಿಸುವ ಚಿತ್ರವನ್ನು ಬರೆದದ್ದು ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ. ಲಾಯ್ಟ್ಸೆ ಹುಟ್ಟಿದ್ದು ಜರ್ಮನಿ, ಬೆಳೆದದ್ದು ಫಿಲಡೆಲ್ಫಿಯಾ, ದೊಡ್ಡವನಾದ ಮೇಲೆ ಮತ್ತೆ ಜರ್ಮನಿ. 1848ರಲ್ಲಿ ಯುರೋಪಿನಲ್ಲಿ ಎದ್ದ ಕ್ರಾಂತಿಗಳು ಒಂದೊಂದಾಗಿ ಸೋತವು. ಅಲ್ಲಿಯವರಿಗೆ ಧೈರ್ಯ ತುಂಬಬೇಕು ಅನ್ನುವ ಆಸೆಯೂ ಈ ಚಿತ್ರದ ಹಿಂದಿತ್ತು. ಅಂದರೆ ಅಮೆರಿಕದವರು ತಮ್ಮದು ಅಂತ ಎದೆಗೆ ಅಪ್ಪಿಕೊಂಡ ಚಿತ್ರ ಯುರೋಪಿನವರಿಗೆ ಬರೆದ ಕಾಗದವೂ ಹೌದು.

ಟಿಎ ಆದ ವರ್ಷ ಇದೇ ದೋಣಿಯ ಮೇಲೆ ನಲವತ್ತು ಪೇಪರ್ ಬಂದವು. ಹತ್ತನೆಯದರ ಹೊತ್ತಿಗೆ ಬೇಜಾರು ಶುರುವಾಗಿತ್ತು, ಸುಳ್ಳು ಯಾಕೆ ಹೇಳಲಿ. ಜಾಸ್ತಿ ಪೇಪರುಗಳದ್ದು ಒಂದೇ ಅಚ್ಚು. ಅಲ್ಲಿ ಹೈಸ್ಕೂಲಿನಲ್ಲಿ ಐದು ಪ್ಯಾರಾದ ಪ್ರಬಂಧ ಅಂತ ಕಲಿಸುತ್ತಾರೆ: ಮೊದಲ ಪ್ಯಾರಾದಲ್ಲಿ ಏನು ಹೇಳುತ್ತೇನೆ, ಮಧ್ಯದ ಮೂರರಲ್ಲಿ ಮೂರು ಕಾರಣ, ಕೊನೆಯದರಲ್ಲಿ ಏನು ಹೇಳಿದೆ. ನನ್ನ ಪ್ರಕಾರ ಒಳ್ಳೆಯ ಹುಡುಗರ ತಲೆಯನ್ನು ಇದರಷ್ಟು ಕೆಡಿಸಿದ್ದು ಇನ್ನೊಂದಿಲ್ಲ. ಎರಡೇ ಕಾರಣ ಇದ್ದರೂ ಮೂರನೆಯದನ್ನು ಹೊಸೆದು ಹಾಕುತ್ತಾರೆ. ಆದರೆ ಕಾಲೇಜಿನ ದೋಣಿ ತಂಡದಲ್ಲಿದ್ದ ಒಬ್ಬ ಹುಡುಗ ಎರಡು ಪುಟ ಬರೀ ಹುಟ್ಟುಗಳ ಬಗ್ಗೆ ಬರೆದಿದ್ದ. ಇಷ್ಟು ಚಿಕ್ಕ ದೋಣಿ, ಇಷ್ಟು ಜನ, ಅದರಲ್ಲಿ ಒಬ್ಬ ನೆಟ್ಟಗೆ ನಿಂತಿದ್ದಾನೆ, ಇದು ಮಗುಚಿಕೊಳ್ಳದೆ ಇರುವುದು ಹೇಗೆ ಅಂತ ಅವನ ತಕರಾರು. ಅವನ ಮಾತು ಸರಿ. ಆ ರಾತ್ರಿ ಸೈನಿಕರು ದಾಟಿದ್ದು ಬಹುಪಾಲು ಡರ್ಹಮ್ ದೋಣಿಗಳಲ್ಲಿ, ಅವು ಕಬ್ಬಿಣ ಮತ್ತು ಸರಕು ಸಾಗಿಸುವ ದೊಡ್ಡ ದೋಣಿಗಳು. ಅವನು ಒಂದು ಪುಸ್ತಕವನ್ನೂ ತೆರೆಯದೆ, ತನ್ನ ತೋಳಿಗೆ ಗೊತ್ತಿದ್ದದ್ದರಿಂದಲೇ ಅಲ್ಲಿಗೆ ಬಂದು ಮುಟ್ಟಿದ್ದ.

ಇನ್ನೊಂದು ಅಸೈನ್‌ಮೆಂಟ್ ನೋಡಿದರೆ ಮೂರನೇ ಕ್ಲಾಸಿನ ಮಕ್ಕಳದ್ದು ಅನ್ನಿಸಬೇಕು. ಗುಲಾಮಗಿರಿಯ ಸುತ್ತ ನಡೆದ ಅಂತರ್ಯುದ್ಧದ ಮಧ್ಯೆ, ಗೆಟಿಸ್‌ಬರ್ಗ್‌ನಲ್ಲಿ ಅಧ್ಯಕ್ಷ ಲಿಂಕನ್ 1863ರ ನವೆಂಬರ್ 19ರಂದು ಮಾಡಿದ ಭಾಷಣ ಹೆಚ್ಚೆಂದರೆ ಎರಡು ಮೂರು ನಿಮಿಷದ್ದು. ಅದರ ಮೊದಲ ವಾಕ್ಯದಲ್ಲಿ ಒಂದು ಲೆಕ್ಕ ಇದೆ, ಅದನ್ನು ಮಾಡಿ ಒಂದು ಪುಟ ಬರೆಯಿರಿ. ಅಷ್ಟೇ. ನಾಲ್ಕು ಇಪ್ಪತ್ತು ಮತ್ತು ಏಳು ವರ್ಷದ ಹಿಂದೆ ಅನ್ನುತ್ತಾನೆ ಲಿಂಕನ್. ಎಂಬತ್ತೇಳು. 1863ರಲ್ಲಿ 87 ಕಳೆಯಿರಿ, 1776. ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ ಅನ್ನುವ ಸ್ವಾತಂತ್ರ್ಯ ಘೋಷಣೆಯ ವರ್ಷ. ಸಂವಿಧಾನ ಬರೆದದ್ದು 1787ರಲ್ಲಿ, ಲಿಂಕನ್ ಅಲ್ಲಿಂದ ಎಣಿಸಲಿಲ್ಲ. ಯಾಕೆ? ಆ ಸಂವಿಧಾನದಲ್ಲಿ ಗುಲಾಮ ಅನ್ನುವ ಪದ ಇರಲಿಲ್ಲ, ಆದರೆ ಸಂಸತ್ತಿನ ಕೆಳಮನೆಯ ಸೀಟು ಹಂಚುವಾಗ ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನು ಲೆಕ್ಕಕ್ಕೆ ಹಿಡಿಯಬೇಕು ಅನ್ನುವ ನಿಯಮ ಇತ್ತು. ಒಂದು ಕಳೆಯುವ ಲೆಕ್ಕದೊಳಗೆ ಇಡೀ ಅಂತರ್ಯುದ್ಧದ ಜಗಳ ಕೂತಿದೆ. ದೇಶ ಹುಟ್ಟಿದ್ದು ಯಾವತ್ತು ಅಂತ ಲಿಂಕನ್ ತಾನೇ ತೀರ್ಮಾನ ಮಾಡಿಬಿಟ್ಟ ಅಂತ ಒಬ್ಬಳು ಬರೆದಿದ್ದಳು. ಪೂರ್ತಿ ಅಂಕ ಕೊಟ್ಟೆ.

ಎಲ್ಲಕ್ಕಿಂತ ಕಷ್ಟದ್ದು ಒಂದೇ ಸಾಲಿನ ಅಸೈನ್‌ಮೆಂಟ್. ಜೇಕಬ್ ಲಾರೆನ್ಸ್ 1940-41ರಲ್ಲಿ, ಇನ್ನೂ ಇಪ್ಪತ್ತಮೂರರ ವಯಸ್ಸಿನಲ್ಲಿ, ದಕ್ಷಿಣದ ರಾಜ್ಯಗಳಿಂದ ಉತ್ತರದ ಊರುಗಳಿಗೆ ಹೊರಟ ಕಪ್ಪು ಜನರ ಮೇಲೆ ಅರವತ್ತು ಚಿತ್ರ ಮಾಡಿದ. ಒಂದು ಬಣ್ಣ ಕಲಸಿದರೆ ಅದು ಬೇಕಾದ ಎಲ್ಲ ಹಲಗೆಗಳಿಗೂ ಹಚ್ಚಿ, ಆಮೇಲೆ ಮುಂದಿನ ಬಣ್ಣ, ಹಾಗಾಗಿ ಅರವತ್ತೂ ಒಂದೇ ಉಸಿರಿನಲ್ಲಿ ಆದ ಹಾಗೆ ಕಾಣುತ್ತವೆ. ಈಗ ಬೆಸ ಸಂಖ್ಯೆಯವು ವಾಷಿಂಗ್ಟನ್ನಿನ ಫಿಲಿಪ್ಸ್ ಕಲೆಕ್ಷನ್‌ನಲ್ಲಿ, ಸಮ ಸಂಖ್ಯೆಯವು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ. ಒಂದು ಮನೆಯ ಮಕ್ಕಳನ್ನು ಎರಡು ಊರಿಗೆ ಹಂಚಿದ ಹಾಗೆ. ಪ್ರತಿ ಚಿತ್ರಕ್ಕೂ ಅಡಿಬರಹ ಇದೆ, ಅಲಂಕಾರ ಇಲ್ಲದ ನೇರ ಸಾಲು. ಕೊನೆಯದರಲ್ಲಿ ಜನ ಬರುತ್ತಲೇ ಇದ್ದರು ಅಂತ ಇದೆ, ಅಷ್ಟೇ. ನಮಗೆ ಕೊಟ್ಟದ್ದು ಅರವತ್ತೊಂದನೇ ಚಿತ್ರಕ್ಕೆ ಒಂದು ಸಾಲು ಬರೆಯುವ ಕೆಲಸ. ಮೂರು ದಿನ ಒದ್ದಾಡಿದೆ. ನಾನು ಬರೆದ ಸಾಲು ಇಲ್ಲಿ ಹೇಳುವುದಿಲ್ಲ, ಅಷ್ಟು ಕೆಟ್ಟದಾಗಿತ್ತು.

ಸೆಮಿಸ್ಟರಿನ ಕೊನೆಗೆ ಫ್ರೆಡರಿಕ್ ಡಗ್ಲಾಸ್ ಬರುತ್ತಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಊರೂರು ಸುತ್ತಿ ಮಾತಾಡಿದವರು. ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೇಲೆ ರಾಚೆಸ್ಟರ್‌ನಲ್ಲಿ ಅವರು ಭಾಷಣ ಮಾಡಿದ್ದು 1852ರ ಜುಲೈ ಐದರಂದು. ಅಸೈನ್‌ಮೆಂಟ್ ಇಷ್ಟೇ: ಒಂದೆರಡು ಪುಟದ ಪ್ರಿಂಟ್ ತೆಗೆದು, ನಮ್ಮ ಅಂದಲ್ಲಿ ಒಂದು ಬಣ್ಣ, ನಿಮ್ಮ ಅಂದಲ್ಲಿ ಇನ್ನೊಂದು ಬಣ್ಣ ಹಾಕಿ, ಆಮೇಲೆ ಬರೆಯಿರಿ. ನಿಮ್ಮ ಸ್ವಾತಂತ್ರ್ಯ, ನಿಮ್ಮ ಹಿರಿಯರು, ಈ ಜುಲೈ ನಾಲ್ಕು ನಿಮ್ಮದು, ನನ್ನದಲ್ಲ. ಹಾಳೆ ಪೂರ್ತಿ ಒಂದೇ ಬಣ್ಣಕ್ಕೆ ತಿರುಗುತ್ತದೆ. ಭಾಷಣ ಹತ್ತು ಸಲ ಓದಿದರೂ ಇದು ಇಷ್ಟು ಜೋರಾಗಿ ಕಣ್ಣಿಗೆ ಹೊಡೆಯುವುದಿಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ಇದನ್ನು ಆರಾಮಾಗಿ ಬರೆದಿದ್ದೆ. ನನಗೇನು, ನಾನು ಹೊರಗಿನವನು, ಎಲ್ಲ ಕಡೆಯೂ "ಅವರ" ಅಂತ ಹಾಕಿ ಪಾರಾಗಿದ್ದೆ.

ತಿದ್ದುವ ವರ್ಷ ಒಬ್ಬ ಹುಡುಗಿಯ ಪೇಪರ್ ಕೈಗೆ ಬಂತು. ಕ್ಲಾಸಿನಲ್ಲಿ ಬಾಯಿ ಬಿಡುತ್ತಲೇ ಇರಲಿಲ್ಲ ಅವಳು. ಬಣ್ಣ ಹಚ್ಚಿದ ಹಾಳೆ ಅಚ್ಚುಕಟ್ಟಾಗಿತ್ತು, ಬರಹ ಪೆನ್ನಿನಲ್ಲಿ. ಮೊದಲ ಸಾಲಿನಲ್ಲೇ "ನಮ್ಮ ದೇಶ ಕಟ್ಟಿದ ಹಿರಿಯರು" ಅಂತ ಶುರು ಮಾಡಿ, "ನಮ್ಮ" ಅನ್ನುವುದನ್ನು ಒಂದು ಗೆರೆ ಎಳೆದು ಹೊಡೆದುಹಾಕಿದ್ದಳು. ಮೇಲೆ "ನಿಮ್ಮ" ಅಂತ ಬರೆದು ಅದನ್ನೂ ಹೊಡೆದುಹಾಕಿದ್ದಳು. ಆಮೇಲೆ ಏನೂ ಇಲ್ಲ, ಒಂದು ಪದದಷ್ಟು ಜಾಗ ಖಾಲಿ, ವಾಕ್ಯ ಹಾಗೇ ಮುಂದಕ್ಕೆ ಹೋಗುತ್ತದೆ.

ವ್ಯಾಕರಣದ ಲೆಕ್ಕದಲ್ಲಿ ತಪ್ಪು. ಬಿಟ್ಟುಹೋದ ಪದ ಸೇರಿಸುವುದು ನನ್ನ ಕೆಲಸ. ಕೆಂಪು ಪೆನ್ನು ಎತ್ತಿಕೊಂಡು ಆ ಜಾಗದ ಮೇಲೆ ಇಟ್ಟೆ. ಯಾವ ಪದ ಬರೆಯಲಿ? ಒಂದು ಚುಕ್ಕೆ ಬಿತ್ತು ಅಷ್ಟೇ. ಪುಟ ತಿರುಗಿಸಿದೆ.