ಜನರೇಟರ್ ಕೆಮ್ಮಿದಾಗ ಮಾಡ್ಯೂಲೋ, ಲ್ಯಾಪ್‌ಟಾಪೋ?

ಆರ್ಕೆಸ್ಟ್ರಾದ ಕೀಬೋರ್ಡಿಗೆ ಮಾಡ್ಯೂಲ್ (ವಾದ್ಯಗಳ ಸದ್ದು ಒಳಗಿಟ್ಟುಕೊಂಡ, ಕೀಗಳಿಲ್ಲದ ಪೆಟ್ಟಿಗೆ) ಕೊಳ್ಳೋದಾ, ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗೋದಾ ಅನ್ನುವ ಚರ್ಚೆ ಟೋನ್, ಅಂದರೆ ಸದ್ದಿನ ಗುಣದ ಸುತ್ತಲೇ ಗಿರಕಿ ಹೊಡೆಯುತ್ತೆ. 1994ರ ರೋಲ್ಯಾಂಡ್ ಜೆವಿ-1080 ಮಾಡ್ಯೂಲಿನ ಒಳಗಿನ ಸ್ಯಾಂಪಲ್ (ರೆಕಾರ್ಡ್ ಮಾಡಿಟ್ಟ ಸದ್ದು) ಎಲ್ಲಾ ಸೇರಿ 8 ಎಂಬಿ. ಇವತ್ತು ಒಂದು ಸಾಫ್ಟ್‌ವೇರ್ ಪಿಯಾನೋನೇ ಹತ್ತಾರು ಜಿಬಿ ತಿನ್ನಬಹುದು. ಸರಿ, ಲ್ಯಾಪ್‌ಟಾಪ್ ಗೆದ್ದಿತು. ಆದರೆ ಮದ್ದೂರು, ಪಾಂಡವಪುರ ಕಡೆಯ ಗಣಪತಿ ಪೆಂಡಾಲಿನಲ್ಲಿ ಪಕ್ಕದಲ್ಲೇ ತಮಟೆ ಬಡಿಯುತ್ತಿರುವಾಗ ಆ ವ್ಯತ್ಯಾಸ ನುಡಿಸುವವರ ಹೆಡ್‌ಫೋನ್ ದಾಟಲ್ಲ. ಲೈಟಿಂಗ್, ಸೌಂಡ್ ಎರಡೂ ಒಂದೇ ಜನರೇಟರ್ ಮೇಲಿದ್ದು, ಅದು ಒಮ್ಮೆ ಕೆಮ್ಮಿ ಎದ್ದರೆ ಮೊದಲು ನುಡಿಯುವುದು ಯಾವುದು ಅಂತ ನೋಡಿ.

ಮಾಡ್ಯೂಲ್ ಆರಿಹೋಗುತ್ತೆ, ಕೆಲವೇ ಸೆಕೆಂಡಿನಲ್ಲಿ ಎದ್ದು ಕೂರುತ್ತೆ. ಆದರೆ ಸೇವ್ ಮಾಡದ ಬದಲಾವಣೆಗಳೆಲ್ಲ ಹೋಗಿರುತ್ತೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಅದು ಆರಲ್ಲ. ಇಲ್ಲೇ ಹಲವರು ಮೋಸ ಹೋಗೋದು. ಆಡಿಯೋ ಇಂಟರ್‌ಫೇಸ್ (ಲ್ಯಾಪ್‌ಟಾಪಿನ ಸದ್ದನ್ನು ಮಿಕ್ಸರಿಗೆ ಕೊಡುವ ಪೆಟ್ಟಿಗೆ) ಅಡಾಪ್ಟರ್ ಮೇಲೆ ನಡೆಯುತ್ತಿದ್ದರೆ ಅದು ಆರಿ ಹೊತ್ತಿಕೊಂಡಾಗ ಯುಎಸ್‌ಬಿ ಸಂಪರ್ಕ ಕಡಿದು, ಸಾಫ್ಟ್‌ವೇರ್ ತಾನಾಗಿ ಅದನ್ನು ಮತ್ತೆ ಹಿಡಿಯದೇ ಇರಬಹುದು. ಪರದೆ ಮೇಲೆ ಎಲ್ಲಾ ಸರಿ ಕಾಣುತ್ತೆ, ಸದ್ದು ಮಾತ್ರ ಇಲ್ಲ. ಅದಕ್ಕೇ ಇಂಟರ್‌ಫೇಸ್, ಕಂಟ್ರೋಲರ್ (ತನ್ನದೇ ಸದ್ದಿಲ್ಲದ ಕೀಬೋರ್ಡ್) ಎರಡೂ ಯುಎಸ್‌ಬಿಯಿಂದಲೇ ಕರೆಂಟ್ ಪಡೆಯುವಂಥವಾಗಿರಲಿ. ಇನ್ನೊಂದು ತೊಂದರೆ: ಬ್ಯಾಟರಿಗೆ ಬಂದ ಕೂಡಲೇ ಎಷ್ಟೋ ಲ್ಯಾಪ್‌ಟಾಪ್‌ಗಳು ಪ್ರೊಸೆಸರ್ ವೇಗ ಇಳಿಸುತ್ತವೆ, ಸ್ಟ್ರಿಂಗ್ಸ್ ಮಧ್ಯೆ ಚಟಪಟ ಶುರುವಾಗುತ್ತೆ. ಮನೆಯಲ್ಲಿ ಪರೀಕ್ಷೆ ಮಾಡುವಾಗ ಚಾರ್ಜರ್ ಕಿತ್ತು, ಅತಿ ಭಾರದ ಪ್ಯಾಚ್ (ಸಿದ್ಧಮಾಡಿಟ್ಟ ವಾದ್ಯದ ಸದ್ದು) ಹಾಕಿ, ಇಪ್ಪತ್ತು ನಿಮಿಷ ನುಡಿಸಿ.

ಮಾಡ್ಯೂಲಿಗೆ ಕಂಪ್ಯೂಟರಿಗೆ ಹಾಕುವ 600 ವಿಎ ಯುಪಿಎಸ್ ಧಾರಾಳ ಸಾಕು. ಆದರೆ ಜನರೇಟರಿನ ಫ್ರೀಕ್ವೆನ್ಸಿ 50 ಹರ್ಟ್ಸ್‌ನಿಂದ ತುಂಬಾ ಆಚೀಚೆ ಓಡಾಡಿದರೆ ಯುಪಿಎಸ್ ಅದನ್ನು ಒಪ್ಪದೆ ಬ್ಯಾಟರಿಯಲ್ಲೇ ಓಡಿ, ಕೀಕೀ ಅನ್ನುತ್ತಾ ಖಾಲಿಯಾಗುತ್ತೆ. ಪ್ಲಗ್ ಹಾಕುವ ಮುಂಚೆ ಮಲ್ಟಿಮೀಟರ್ ಹಿಡಿಯಿರಿ. ಫೇಸ್–ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು ಇರಬೇಕು. ಲೈಟ್ ಹಾಕಿ ಆರಿಸಿದಾಗ 180, 280 ಅಂತ ಜಿಗಿದರೆ ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ಲೂಸ್ ಇರಬಹುದು. ಸರಿಮಾಡುವ ತನಕ ಏನನ್ನೂ ಚುಚ್ಚಬೇಡಿ.

ಲೇಟೆನ್ಸಿ (ಕೀ ಒತ್ತಿದ ಮೇಲೆ ಸದ್ದು ಬರುವ ತನಕದ ತಡ) ಬಗ್ಗೆ ಭಯ ಜಾಸ್ತಿ, ಲೆಕ್ಕ ಕಡಿಮೆ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಸದ್ದು ಹೊರಹೋಗುವ ಮುಂಚೆ ಕೂಡಿಟ್ಟುಕೊಳ್ಳುವ ತುಣುಕು) ಅಂದರೆ 2.7 ಮಿಲಿಸೆಕೆಂಡ್, 256 ಅಂದರೆ 5.3. ಇಂಟರ್‌ಫೇಸಿನದು ಸ್ವಲ್ಪ ಸೇರುತ್ತೆ. ಎರಡು ಮೀಟರ್ ದೂರದ ಮಾನಿಟರ್ ಸ್ಪೀಕರಿನಿಂದ ಸದ್ದು ಕಿವಿಗೆ ಬರಲಿಕ್ಕೇ ಸುಮಾರು 6 ಮಿಲಿಸೆಕೆಂಡ್ ಬೇಕು! 64ಕ್ಕೆ ಇಳಿಸುವ ಶೋಕಿ ಬೇಡ, 128ರಲ್ಲಿ ನಿಲ್ಲಿ. ವಿಂಡೋಸ್ ಆದರೆ ಇಂಟರ್‌ಫೇಸ್ ಕಂಪನಿಯದೇ ಆಸಿಯೋ (ಈ ತಡ ಇಳಿಸುವ) ಡ್ರೈವರ್ ಹಾಕಿ, ವೈಫೈ ಆಫ್ ಮಾಡಿ, ಅಪ್‌ಡೇಟ್ ತಡೆಹಿಡಿಯಿರಿ, ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಡಿಸೇಬಲ್ ಮಾಡಿ. (ಮಳೆಗಾಲದಲ್ಲಿ ಪರದೆಯ ಬೆಳಕನ್ನೂ ಇಳಿಸಿ. ದೀಪದ ಹುಳ ಮುತ್ತಿದರೆ ಯಾವ ಡ್ರೈವರೂ ಕಾಯಲ್ಲ.)

ಮಾಡ್ಯೂಲಿಗೂ ಅದರದೇ ಕಾಟ ಇದೆ. ಜೆವಿ-1080ಕ್ಕೆ 64 ವಾಯ್ಸ್, ಅಂದರೆ ಒಟ್ಟಿಗೆ ನುಡಿಸಬಲ್ಲದ್ದು ಅಷ್ಟೇ ಸದ್ದು. ನಾಲ್ಕು ಟೋನ್ (ಸದ್ದಿನ ಒಳಪದರ) ಇರುವ ಪ್ಯಾಚ್ ಒಂದು ಸ್ವರಕ್ಕೆ ನಾಲ್ಕು ನುಂಗುತ್ತೆ, ಉಳಿಯುವುದು 16 ಸ್ವರ. ಅಂಥವೆರಡು ಲೇಯರ್ ಮಾಡಿದರೆ ಎಂಟೇ. ಪೆಡಲ್ ಒತ್ತಿ ಹಿಡಿದರೆ ಹಿಂದಿನ ಸ್ವರಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ, ಮೆಷಿನ್ ಕೆಟ್ಟಿದೆ ಅಂತ ಬೈಯುತ್ತೇವೆ. ಕಂಟ್ರೋಲರಿನಿಂದ ಪ್ಯಾಚ್ ಬದಲಿಸುವಾಗ ಮೊದಲು ಬ್ಯಾಂಕ್ ಸೆಲೆಕ್ಟ್ (ಸಿಸಿ ಅಂದರೆ ಕಂಟ್ರೋಲ್ ಚೇಂಜ್ ಸಂದೇಶ 0, ಆಮೇಲೆ 32), ಕೊನೆಗೆ ಪ್ರೋಗ್ರಾಂ ಚೇಂಜ್. ಕ್ರಮ ತಪ್ಪಿದರೆ ಪಿಯಾನೋ ಬದಲು ಟ್ರಂಪೆಟ್ ಕೂಗುತ್ತೆ. ಒಂದು ಕಡೆ ಎಣಿಕೆ 0ಯಿಂದ, ಇನ್ನೊಂದು ಕಡೆ 1ರಿಂದ ಇದ್ದರೆ ಪಕ್ಕದ ಪ್ಯಾಚ್ ಬರುತ್ತೆ. ಸೆಕೆಂಡ್ ಹ್ಯಾಂಡ್ ತಂದ ಹಳೇ ಮಾಡ್ಯೂಲಿನ ಮೆಮೊರಿ ಬ್ಯಾಟರಿ ಬದಲಿಸುವ ಮುನ್ನ ಪ್ಯಾಚ್‌ಗಳನ್ನು ಸಿಸೆಕ್ಸ್ (ಮಾಡ್ಯೂಲ್ ಹೊರಗೆ ಕಳಿಸುವ ಮೆಮೊರಿ ಡೇಟಾ) ಆಗಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಲ್ಯಾಪ್‌ಟಾಪ್ ಚಾರ್ಜರಿನಿಂದ ಗುಂಯ್‌ಗುಡುವ ಸದ್ದಿಗೆ ಡಿಐ ಬಾಕ್ಸಿನ (ಸದ್ದನ್ನು ಮಿಕ್ಸರಿಗೆ ಹೊಂದಿಸಿ ಕಳಿಸುವ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ಚಾಳಿ ಬೇಡ, ಒದ್ದೆ ವೇದಿಕೆಯಲ್ಲಿ ಅದು ಜೀವಕ್ಕೇ ಕುತ್ತು.

ಮೈಸೂರಿನ ಕಲಾಮಂದಿರದಂಥ ಒಳಾಂಗಣದಲ್ಲಿ, ಸೌಂಡ್ ಚೆಕ್‌ಗೆ ಸಮಯ ಸಿಗುವ ಕಡೆ, ಬರೀ ಲ್ಯಾಪ್‌ಟಾಪ್ ಸಾಕು. ಊರಹಬ್ಬ, ಜಾತ್ರೆಗೆ ಮಾತ್ರ ಪಿಯಾನೋ, ಸ್ಟ್ರಿಂಗ್ಸ್, ಬ್ರಾಸ್, ಪ್ಯಾಡ್ ಮಾಡ್ಯೂಲಿನಲ್ಲಿರಲಿ. ನಾದಸ್ವರ, ಕೊಳಲಿನ ತುಣುಕುಗಳಿಗೆ ಲ್ಯಾಪ್‌ಟಾಪ್. ಎರಡಕ್ಕೂ ಮಿಕ್ಸರಿನಲ್ಲಿ ಬೇರೆ ಬೇರೆ ಚಾನಲ್. ಕಂಟ್ರೋಲರಿನ ಐದು ಪಿನ್ನಿನ ಮಿಡಿ (ಸ್ವರದ ಸೂಚನೆ ಸಾಗಿಸುವ) ಔಟ್ ನೇರವಾಗಿ ಮಾಡ್ಯೂಲಿಗೆ ಹೋಗಲಿ, ಯುಎಸ್‌ಬಿ ಮಾತ್ರ ಲ್ಯಾಪ್‌ಟಾಪಿಗೆ. ಕಂಟ್ರೋಲರಿಗೆ ಕರೆಂಟ್ ಯುಎಸ್‌ಬಿಯಿಂದಲೇ ಬರುವುದರಿಂದ, ಲ್ಯಾಪ್‌ಟಾಪ್ ಪೂರ್ತಿ ಆರಿದರೆ ಕಂಟ್ರೋಲರ್ ಕೂಡ ಆರುತ್ತೆ. ಆಗ ಅದೇ ಯುಎಸ್‌ಬಿ ಕೇಬಲ್ ಕಿತ್ತು ಪವರ್ ಬ್ಯಾಂಕಿಗೆ ಚುಚ್ಚಿ.