ಫೀಲ್ಡ್ ಟಾರ್ಗೆಟ್ ಅಭ್ಯಾಸದ ದಾಖಲೆ: ದೂರ ಅಳೆಯುವ ಚಕ್ರ ಸಿದ್ಧವಾಯಿತು

ನನ್ನ ಏರ್ ರೈಫಲ್‌ನ ಸ್ಕೋಪಿನ (ಗುರಿ ನೋಡುವ ದೂರದರ್ಶಕದ) ಪಕ್ಕದಲ್ಲಿರುವ ಫೋಕಸ್ ಚಕ್ರಕ್ಕೆ ಗಜಗಳ ಗುರುತು ಹಾಕುವ ಕೆಲಸ ಈ ತಿಂಗಳು ಮುಗಿಯಿತು. ಆ ಗುರುತುಗಳನ್ನೇ ನಂಬಿಕೊಂಡು ಕಳೆದ ಭಾನುವಾರ ಇಲ್ಲಿ, ಇಂಗ್ಲೆಂಡಿನ ಲೀಸ್ಟರ್‌ಶೈರಿನ ಕಾಡಿನಲ್ಲಿ, ನಮ್ಮ ಕ್ಲಬ್ ನಡೆಸಿದ ಫೀಲ್ಡ್ ಟಾರ್ಗೆಟ್ ಸ್ಪರ್ಧೆಯಲ್ಲಿ ಭಾಗವಹಿಸಿದೆ.

ಏರ್ ರೈಫಲ್ ಎಂದೊಡನೆ ನಮ್ಮವರಿಗೆ ನೆನಪಾಗುವುದು 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಸ್ಪರ್ಧೆ. ಅಲ್ಲಿ ದೂರ ಮೊದಲೇ ಗೊತ್ತಿರುತ್ತದೆ, ಗಾಳಿಯ ಕಾಟವಿರುವುದಿಲ್ಲ. 1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಬೆಳೆದ ಫೀಲ್ಡ್ ಟಾರ್ಗೆಟ್‌ನಲ್ಲಿ ಇವೆರಡನ್ನೂ ಶೂಟರ್ ತಾನೇ ಲೆಕ್ಕಹಾಕಬೇಕು. ಪ್ರಾಣಿ, ಪಕ್ಷಿಗಳ ಆಕಾರದ ಲೋಹದ ಫಲಕಗಳನ್ನು 8ರಿಂದ 55 ಗಜದೊಳಗೆ ಎಲ್ಲಿ ಬೇಕಾದರೂ ನಿಲ್ಲಿಸಿರುತ್ತಾರೆ. ಫಲಕದ ರಂಧ್ರದ ವ್ಯಾಸ ಸಾಮಾನ್ಯವಾಗಿ 15, 25 ಅಥವಾ 40 ಮಿಲಿಮೀಟರ್. ಪೆಲೆಟ್ (ಏರ್ ರೈಫಲ್‌ನ ಸೀಸದ ಸಣ್ಣ ಗುಂಡು) ರಂಧ್ರದೊಳಗೆ ಹೋಗಿ ಹಿಂದಿನ ಪಟ್ಟಿಗೆ ತಗುಲಿದರೆ ಫಲಕ ಬೀಳುತ್ತದೆ, ಒಂದು ಅಂಕ ಸಿಗುತ್ತದೆ. ಫಲಕಕ್ಕೆ ಬಡಿದು ಚಪ್ಪಟೆಯಾದರೆ ಏನೂ ಇಲ್ಲ. ಲೇಸರ್ ಉಪಕರಣದಿಂದ ದೂರ ಅಳೆಯುವಂತಿಲ್ಲವಾದ್ದರಿಂದ, ಸ್ಕೋಪಿನಲ್ಲಿ ಗುರಿಯ ಬಿಂಬ ಪೂರ್ತಿ ಸ್ಪಷ್ಟವಾಗುವವರೆಗೆ ಚಕ್ರ ತಿರುಗಿಸಿ, ಅದು ನಿಂತ ಜಾಗದ ಗುರುತಿನಿಂದಲೇ ಗಜವನ್ನು ಓದಬೇಕು.

ಈ ಅಳತೆಯ ಮೇಲೆ ನಾನು ಇಷ್ಟು ಸಮಯ ಕೊಡುತ್ತಿರುವುದಕ್ಕೆ ಕಾರಣವಿದೆ. ಇಲ್ಲಿ ಪರವಾನಗಿ ಬೇಡದ ಏರ್ ರೈಫಲ್‌ನ ಹೊಡೆತದ ಶಕ್ತಿಯ ಮಿತಿ 12 ಅಡಿ-ಪೌಂಡ್; ಆ ಮಿತಿಯೊಳಗೆ ನನ್ನ 8.44 ಗ್ರೇನ್ (ಅರ್ಧ ಗ್ರಾಂಗಿಂತ ತುಸು ಹೆಚ್ಚು) ತೂಕದ ಪೆಲೆಟ್ ಸೆಕೆಂಡಿಗೆ ಸುಮಾರು 785 ಅಡಿ ವೇಗದಲ್ಲಿ ಹೊರಡುತ್ತದೆ. ಇಷ್ಟು ನಿಧಾನದ ಪೆಲೆಟ್ 50 ಗಜ ದಾಟಿದ ಮೇಲೆ ಬೇಗ ಕೆಳಗಿಳಿಯುತ್ತದೆ. 55 ಗಜದ ಗುರಿಯನ್ನು 50 ಎಂದು ಓದಿದರೆ ಹೊಡೆತ ಒಂದು ಇಂಚಿಗೂ ಹೆಚ್ಚು ಕೆಳಗೆ ಬೀಳುತ್ತದೆ, ಅಂದರೆ 40 ಮಿಲಿಮೀಟರ್ ರಂಧ್ರದ ಹೊರಗೆ. ಹತ್ತಿರದಲ್ಲಿಯೂ ಸಡಿಲಿಕೆಯಿಲ್ಲ. ಸ್ಕೋಪ್ ನಳಿಗೆಗಿಂತ ಮೇಲಿರುವುದರಿಂದ 8 ಮತ್ತು 10 ಗಜಗಳ ನಡುವೆ ಪೆಲೆಟ್ ತಗುಲುವ ಜಾಗ ಸುಮಾರು 6 ಮಿಲಿಮೀಟರ್ ಬದಲಾಗುತ್ತದೆ.

ಗುರುತು ಹಾಕಲು ಅಳತೆ ಟೇಪಿನಿಂದ ದೂರ ಗೊತ್ತುಮಾಡಿ ಹಳೆಯ ಫಲಕವೊಂದನ್ನು ನಿಲ್ಲಿಸಿದೆ. ನಯವಾದ ಬಣ್ಣದ ಮೇಲೆ ಕಣ್ಣಿಗೆ ಹಿಡಿತ ಸಿಗುವುದಿಲ್ಲ. ಬಣ್ಣ ಎದ್ದ ಅಂಚು, ಸೀಸದ ಕಲೆ, ಫಲಕವನ್ನು ಎತ್ತಲು ಕಟ್ಟಿದ ದಾರದ ಗಂಟು, ಇವುಗಳಲ್ಲೊಂದು ಹರಿತವಾಗಿ ಕಂಡಾಗ ಮಾತ್ರ ಚಕ್ರದ ಪಟ್ಟಿಯ ಮೇಲೆ ಪೆನ್ಸಿಲ್ ಗೆರೆ ಎಳೆದೆ. ಒಂದು ಕಡೆಯಿಂದ ತಿರುಗಿಸಿದಾಗ ಸಿಗುವ ಗೆರೆಗೂ ಇನ್ನೊಂದು ಕಡೆಯಿಂದ ಸಿಗುವ ಗೆರೆಗೂ ಕೂದಲೆಳೆಯಷ್ಟು ಅಂತರ ಇದ್ದುದರಿಂದ, ಎಲ್ಲ ಗೆರೆಗಳನ್ನೂ ಹತ್ತಿರದಿಂದ ದೂರಕ್ಕೆ ತಿರುಗಿಸಿಯೇ ಹಾಕಿದ್ದೇನೆ. 20 ಗಜದವರೆಗೆ ಗೆರೆಗಳ ನಡುವೆ ಧಾರಾಳವಾಗಿ ಜಾಗವಿದೆ. 45ರ ನಂತರ ಅವು ಒತ್ತೊತ್ತಾಗಿ ನಿಲ್ಲುತ್ತವೆ. ದೊಡ್ಡ ಚಕ್ರ ಬೇಕಾಗುವುದು ಅದಕ್ಕಾಗಿಯೇ.

ಸ್ಪರ್ಧೆಯಲ್ಲಿ 40 ಗುರಿಗಳ ಪೈಕಿ 29 ಬಿದ್ದವು. ಕುಳಿತು ಹೊಡೆಯುವ ಲೇನ್‌ಗಳಲ್ಲಿ (ಗುರಿಯಿಡುವ ತಾಣಗಳಲ್ಲಿ), ಓಕ್ ಮರಗಳ ದಟ್ಟ ನೆರಳಿನಲ್ಲೂ, ಚಕ್ರ ಹೇಳಿದ ದೂರ ಸರಿಯಾಗಿಯೇ ಇತ್ತು. ತಪ್ಪಿದ ಹೊಡೆತಗಳಲ್ಲಿ ಹೆಚ್ಚಿನವು ರಂಧ್ರದ ಎತ್ತರದಲ್ಲೇ, ಬಲಬದಿಗೆ ಬಡಿದಿದ್ದವು. ಅಂದರೆ ಗಾಳಿಯ ಕೆಲಸ. ಗಂಟೆಗೆ 5 ಮೈಲಿಯ ಅಡ್ಡಗಾಳಿ ಕೂಡ 55 ಗಜದಲ್ಲಿ ಪೆಲೆಟ್ಟನ್ನು ಎರಡು ಇಂಚಿಗಿಂತ ಹೆಚ್ಚು ಪಕ್ಕಕ್ಕೆ ಒಯ್ಯುತ್ತದೆ. ನಳಿಗೆಯ ತುದಿಗೆ ಕಟ್ಟಿದ ಉಣ್ಣೆಯ ಎಳೆ ನನ್ನ ಬಳಿಯ ಗಾಳಿಯನ್ನಷ್ಟೇ ತೋರಿಸುತ್ತದೆ. ಮರಗಳ ಸಾಲು ಮುಗಿದು ಬಯಲು ತೆರೆಯುವ ಕಡೆ ಬೀಸುವ ಗಾಳಿಯನ್ನು ಹುಲ್ಲಿನ ತುದಿ ನೋಡಿಯೇ ಅಂದಾಜಿಸಬೇಕು. ನಿಂತು ಹೊಡೆಯುವ ಗುರಿಗಳ ವಿಷಯ ಬೇರೆ, ಅದಕ್ಕೆ ನಿತ್ಯದ ಅಭ್ಯಾಸವೊಂದೇ ದಾರಿ.

ಇನ್ನು ಉಳಿದಿರುವುದು ತಾಪಮಾನದ ಕೆಲಸ. ಬಿಸಿಲಿಗೂ ಚಳಿಗೂ ಸ್ಕೋಪಿನ ಫೋಕಸ್ ಸ್ವಲ್ಪ ಸರಿಯುತ್ತದೆ. ಈಗಿನ ಪಟ್ಟಿ ತಂಪು ಬೆಳಗಿನದು. ಬಿಸಿಲಿನ ಮಧ್ಯಾಹ್ನವೊಂದರಲ್ಲಿ 35, 45, 55 ಗಜಗಳನ್ನು ಮತ್ತೆ ಅಳೆದು, ವ್ಯತ್ಯಾಸ ಕಂಡರೆ ಅದೇ ಪಟ್ಟಿಯಲ್ಲಿ ಕೆಂಪು ಶಾಯಿಯ ಎರಡನೆಯ ಸಾಲು ಬರೆಯುತ್ತೇನೆ.